ಒಂದೇ ಸಂಜೆ, ಮೂರು ಬ್ಯಾಲೆ: ಹೊಸಬರಿಗೆ ಜಾಗ ಎಲ್ಲಿ ಸಿಗುತ್ತದೆ?

(ಮಂಗಳೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಭರತನಾಟ್ಯ ಕಲಿಯುವ ಮಕ್ಕಳು, ಅವರನ್ನು ಕರೆತಂದ ಅಪ್ಪ ಅಮ್ಮಂದಿರು, ಯಕ್ಷಗಾನದ ಹವ್ಯಾಸಿಗಳು, ಕೆಲವು ಗುರುಗಳು ಸಭೆಯಲ್ಲಿದ್ದರು. ಅಲ್ಲಿ ವಿಡಿಯೊ ತೋರಿಸಿದ ಕಡೆ ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯ ಅನಿಸಿದ್ದನ್ನು ಉಳಿಸಿಕೊಂಡಿದ್ದೇನೆ.)

ಬ್ಯಾಲೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು 'ಸ್ವಾನ್ ಲೇಕ್' ಬ್ಯಾಲೆಯ ಹಂಸಗಳ ಸಾಲು. ಬಿಳಿ ಬಟ್ಟೆ, ರಾಜಕುಮಾರ, ಮಾಟಗಾರ, ಇಡೀ ಸಂಜೆ ಒಂದೇ ಕಥೆ. ಅದೂ ಚಂದವೇ. ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಬೇರೆ ಥರದ ಸಂಜೆಯ ಬಗ್ಗೆ. ಅಲ್ಲಿ ಒಂದೇ ಟಿಕೆಟಿಗೆ ಮೂರು ಚಿಕ್ಕ ಬ್ಯಾಲೆ, ಕೆಲವೊಮ್ಮೆ ನಾಲ್ಕು. ಒಂದೊಂದಕ್ಕೂ ಬೇರೆ ಕೊರಿಯೋಗ್ರಾಫರ್, ಬೇರೆ ಸಂಗೀತ, ಬೇರೆ ಬೆಳಕು. ಎಷ್ಟೋ ಸಲ ಕಥೆಯೇ ಇರುವುದಿಲ್ಲ. ನಡುವೆ ವಿರಾಮ, ಹೊರಗೆ ಹೋಗಿ ಕಾಫಿ ಕುಡಿದು ಬಂದರೆ ಇನ್ನೊಂದೇ ಲೋಕ. ಇದಕ್ಕೆ ಮಿಕ್ಸ್ಡ್ ಬಿಲ್ ಅನ್ನುತ್ತಾರೆ. ಮೂರು ಇದ್ದರೆ ಟ್ರಿಪಲ್ ಬಿಲ್.

ಟಿಕೆಟ್ ಮಾರಾಟದಲ್ಲಿ ಇವು ಹಂಸಗಳ ಮುಂದೆ ನಿಲ್ಲುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ 'ನಟ್‌ಕ್ರ್ಯಾಕರ್' ಹಾಕಿದರೆ ಮಕ್ಕಳು ಮರಿ ಎಲ್ಲ ಬಂದು ಹಾಲ್ ತುಂಬುತ್ತದೆ. ಹೆಸರೇ ಕೇಳದ ಮೂರು ಹೊಸ ಬ್ಯಾಲೆ ಹಾಕಿದರೆ ಜನ ಯೋಚನೆ ಮಾಡುತ್ತಾರೆ. ಹಾಗಿದ್ದೂ ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಹೇಗ್ ಯಾವ ಊರಿನ ದೊಡ್ಡ ಕಂಪನಿಯೂ ಇದನ್ನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ: ಡಾನ್ಸರ್ ಬೆಳೆಯುವುದು ಇಲ್ಲಿ. ಹಳೇ ದೊಡ್ಡ ಬ್ಯಾಲೆಯಲ್ಲಿ ಹೊಸಬರು ನೂರು ವರ್ಷದ ಹಿಂದೆ ಇನ್ಯಾರಿಗೋ ಕಟ್ಟಿದ ಪಾತ್ರಕ್ಕೆ ತಮ್ಮ ಮೈಯನ್ನು ಒಗ್ಗಿಸಿಕೊಳ್ಳಬೇಕು. ಇಲ್ಲಿ ಅವರ ಮೈಗೆ ಒಗ್ಗುವ ಹಾಗೆ ಹೊಸ ಕೃತಿ ಹುಟ್ಟುತ್ತದೆ. ಮತ್ತೆ, ಅದೇ ಸಂಜೆ ಅದೇ ವೇದಿಕೆಯಲ್ಲಿ, ಇಪ್ಪತ್ತು ವರ್ಷ ಕುಣಿದು ಮಾಗಿದವರು ಏನು ಮಾಡುತ್ತಾರೆ ಅನ್ನುವುದನ್ನು ಅವರು ಪಕ್ಕದಲ್ಲೇ ನಿಂತು ನೋಡುತ್ತಾರೆ.

ಇದು ಹೊಸ ಪದ್ಧತಿ ಏನಲ್ಲ. 1909ರಲ್ಲಿ ಸೆರ್ಗೆಯ್ ಡಿಯಾಗಿಲೆವ್ ಎಂಬ ಸಂಘಟಕ ರಷ್ಯಾದ ಡಾನ್ಸರುಗಳನ್ನು ಪ್ಯಾರಿಸ್‌ಗೆ ಕರೆತಂದಾಗ ತೋರಿಸಿದ್ದು ಹೆಚ್ಚಾಗಿ ಒಂದೇ ಅಂಕದ ಚಿಕ್ಕ ಬ್ಯಾಲೆಗಳನ್ನು. 1913ರ ಮೇ 29ರ ರಾತ್ರಿ ಸ್ಟ್ರಾವಿನ್‌ಸ್ಕಿ ಸಂಗೀತದ 'ರೈಟ್ ಆಫ್ ಸ್ಪ್ರಿಂಗ್' ನೋಡಿ ಪ್ಯಾರಿಸ್ ಜನ ಗಲಾಟೆ ಎಬ್ಬಿಸಿದ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆದರೆ ಆ ಸಂಜೆಯ ಪಟ್ಟಿಯಲ್ಲಿ ಇದ್ದದ್ದು ಅದೊಂದೇ ಅಲ್ಲ. ಮೊದಲು 'ಲೆ ಸಿಲ್ಫೀಡ್', ಶೊಪ್ಯಾನ್ ಸಂಗೀತಕ್ಕೆ ಬೆಳದಿಂಗಳಲ್ಲಿ ತೇಲುವ ಬಿಳಿ ಬಟ್ಟೆಯ ಹುಡುಗಿಯರು. ಆಮೇಲೆ ನೆಲವನ್ನು ತುಳಿದು, ಪಾದ ಒಳಗೆ ತಿರುಗಿಸಿ, ಬೆನ್ನು ಬಾಗಿಸಿ ಕುಣಿಯುವ ಈ ಹೊಸದು. ಅದರ ಕೊರಿಯೋಗ್ರಾಫರ್ ನಿಜಿನ್‌ಸ್ಕಿ ಆಗಿನ್ನೂ ಇಪ್ಪತ್ತರ ಹರೆಯದವ. ಗಲಾಟೆ ಆದ ಮೇಲೂ ಕಾರ್ಯಕ್ರಮ ನಿಲ್ಲಲಿಲ್ಲ, ಪಟ್ಟಿಯಲ್ಲಿ ಉಳಿದದ್ದು ನಡೆಯಿತು. ಮಿಕ್ಸ್ಡ್ ಬಿಲ್‌ನ ಗುಣವೇ ಇದು. ಒಂದು ತುಣುಕನ್ನು ಜನ ಒಪ್ಪದಿದ್ದರೂ ಸಂಜೆ ಮುಳುಗುವುದಿಲ್ಲ. ಹಾಗಾಗಿ ಧೈರ್ಯ ಮಾಡಬಹುದು.

ನಮ್ಮ ದೇಶಕ್ಕೂ ಇದರ ಜೊತೆ ಒಂದು ನಂಟಿದೆ. 1923ರಲ್ಲಿ ಲಂಡನ್ನಿನಲ್ಲಿ ಅನ್ನಾ ಪಾವ್ಲೊವಾ ತನ್ನ ಕಾರ್ಯಕ್ರಮಕ್ಕೆ ಭಾರತದ ವಸ್ತುವಿನ ಚಿಕ್ಕ ತುಣುಕುಗಳನ್ನು ಸೇರಿಸಿಕೊಂಡಳು. ಅದಕ್ಕೆ ಜೊತೆಯಾದವರು ಅಲ್ಲಿ ಚಿತ್ರಕಲೆ ಓದುತ್ತಿದ್ದ ಉದಯ ಶಂಕರ್. ಪಾವ್ಲೊವಾ ರಾಧೆ, ಉದಯ ಶಂಕರ್ ಕೃಷ್ಣ. ಅವಳು ಆಗ ಜಗತ್ತಿನಲ್ಲೇ ಹೆಸರಾದ ಬ್ಯಾಲೆ ಕಲಾವಿದೆ. ಉದಯ ಶಂಕರ್ ಅವರಿಗೆ 22 ವರ್ಷ, ಡಾನ್ಸರ್ ಅಂತ ಯಾರಿಗೂ ಗೊತ್ತಿಲ್ಲ. ಮುಂದೆ 1938ರಲ್ಲಿ ಅಲ್ಮೋರಾದಲ್ಲಿ ಕೇಂದ್ರ ಕಟ್ಟಿ ಭಾರತದ ನೃತ್ಯಕ್ಕೆ ಹೊಸ ದಾರಿ ತೋರಿಸಿದ ಮನುಷ್ಯನಿಗೆ ಮೊದಲ ದೊಡ್ಡ ವೇದಿಕೆ ಸಿಕ್ಕಿದ್ದು ಹೀಗೆ, ಹಿರಿಯ ಕಲಾವಿದೆಯ ಸಂಜೆಯಲ್ಲಿ ಒಂದು ಪುಟ್ಟ ತುಣುಕಿನಲ್ಲಿ.

ಈಗ ಒಂದು ಕೃತಿಯನ್ನು ಹತ್ತಿರದಿಂದ ನೋಡೋಣ. ಇದರ ಮೇಲೆ ನನಗೆ ಪ್ರೀತಿ ಜಾಸ್ತಿ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ರಷ್ಯಾ ಮೂಲದ ಕೊರಿಯೋಗ್ರಾಫರ್ ಜಾರ್ಜ್ ಬ್ಯಾಲಂಚೀನ್ 1933ರ ಕೊನೆಗೆ ಅಮೆರಿಕಕ್ಕೆ ಬಂದರು. ಅಲ್ಲಿ ಅವರಿಗೆ ಕಂಪನಿ ಇರಲಿಲ್ಲ. ಮೊದಲು ಶಾಲೆ ತೆರೆದರು. 1934ರ ಮಾರ್ಚಿನಲ್ಲಿ ವಿದ್ಯಾರ್ಥಿಗಳಿಗೆ ವೇದಿಕೆಯ ಮೇಲೆ ಹೇಗಿರಬೇಕು ಅಂತ ಕಲಿಸಲು ಸಂಜೆ ಪಾಠ ಶುರು ಮಾಡಿದರು. ಮೊದಲ ದಿನ ಬಂದವರು 17 ಹುಡುಗಿಯರು. ಹದಿನೇಳು ಅನ್ನುವುದು ಸಾಲಿಗೆ ಹೊಂದುವ ಸಂಖ್ಯೆ ಅಲ್ಲವೇ ಅಲ್ಲ. ಅವರು ಹುಡುಗಿಯರನ್ನು ಓರೆ ಓರೆಯಾಗಿ, ಒಬ್ಬರ ಹಿಂದೆ ಒಬ್ಬರು ಮುಚ್ಚಿಹೋಗದ ಹಾಗೆ ನಿಲ್ಲಿಸಿದರು. ಇನ್ನೊಂದು ದಿನ 9 ಜನ ಬಂದರು, ಒಂಬತ್ತಕ್ಕೆ ಮಾಡಿದರು. ಮತ್ತೊಂದು ದಿನ 6, ಆರಕ್ಕೆ ಮಾಡಿದರು. ಹುಡುಗರು ಬರತೊಡಗಿದ ಮೇಲೆ ಅವರನ್ನೂ ಸೇರಿಸಿದರು. ಒಂದು ದಿನ ಒಬ್ಬಳು ಓಡುವಾಗ ಬಿದ್ದು ಅತ್ತಳು, ಅದು ಬ್ಯಾಲೆಯೊಳಗೆ ಬಂತು. ಇನ್ನೊಬ್ಬಳು ತಡವಾಗಿ ಬಂದಳು, ಅದೂ ಬಂತು. ಹೀಗೆ ಹುಟ್ಟಿದ್ದು 'ಸೆರೆನೇಡ್', ಚೈಕೋವ್‌ಸ್ಕಿಯ ತಂತಿವಾದ್ಯಗಳ ಸಂಗೀತಕ್ಕೆ, ಸುಮಾರು ಅರ್ಧ ಗಂಟೆಯ ಕೃತಿ. ಮೊದಲ ಸಲ ಆಡಿದವರು ಆ ವಿದ್ಯಾರ್ಥಿಗಳೇ, 1934ರ ಜೂನಿನಲ್ಲಿ, ನ್ಯೂಯಾರ್ಕ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಬಯಲಿಗೇ ಹಾಕಿದ ವೇದಿಕೆಯಲ್ಲಿ.

ಪರದೆ ಎದ್ದಾಗ ಏನು ಕಾಣುತ್ತದೆ ಹೇಳುತ್ತೇನೆ. ನೀಲಿ ಬೆಳಕು. ಹದಿನೇಳು ಜನ ಸುಮ್ನೆ ನಿಂತಿದ್ದಾರೆ, ಪಾದ ಎರಡೂ ಜೋಡಿಸಿ, ನಾವು ದಾರಿಯಲ್ಲಿ ನಿಲ್ಲುವ ಹಾಗೆ. ಬಲಗೈ ಮಾತ್ರ ಮೇಲೆ ಓರೆಯಾಗಿ ಚಾಚಿದೆ, ಬೆಳಕಿಗೆ ಅಡ್ಡ ಹಿಡಿದ ಹಾಗೆ. ಸಂಗೀತ ಹರಿಯುತ್ತಿದೆ, ಯಾರೂ ಅಲುಗುವುದಿಲ್ಲ. ಆಮೇಲೆ ಮಣಿಕಟ್ಟು ಬಾಗುತ್ತದೆ. ಕೈ ಹಣೆಯ ಪಕ್ಕಕ್ಕೆ ಬರುತ್ತದೆ, ಎದೆಗೆ ಇಳಿಯುತ್ತದೆ. ಆಮೇಲೆ, ಎಲ್ಲರ ಪಾದವೂ ಒಂದೇ ಕ್ಷಣಕ್ಕೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಬ್ಯಾಲೆ ಪಾಠದ ಮೊದಲ ದಿನ ಮಗುವಿಗೆ ಹೇಳಿಕೊಡುವ ಮೊದಲ ನಿಲುವು ಅದು. ಅಷ್ಟು ಹೊತ್ತು ಹದಿನೇಳು ಸಾಧಾರಣ ಹುಡುಗಿಯರಾಗಿದ್ದವರು ಆ ಒಂದು ಚಲನೆಯಲ್ಲಿ ಡಾನ್ಸರುಗಳಾಗುತ್ತಾರೆ. ಇದನ್ನು ನೋಡುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ತಡವಾಗಿ ಬಂದವಳ ಜಾಗವನ್ನೂ ಗಮನಿಸಿ. ಎಲ್ಲರೂ ಮತ್ತೆ ಕೈಯೆತ್ತಿ ನಿಂತಿರುವಾಗ ಅವಳು ಸಾಲುಗಳ ನಡುವೆ ನಡೆದು ಬರುತ್ತಾಳೆ, ತನ್ನ ಜಾಗ ಹುಡುಕುತ್ತಾಳೆ, ಸಿಕ್ಕಿದ ಕೂಡಲೇ ತಾನೂ ಕೈಯೆತ್ತುತ್ತಾಳೆ. ತಡವಾಗಿ ಬಂದ ವಿದ್ಯಾರ್ಥಿಗೆ ಬೈದು ಕೂರಿಸಬಹುದಿತ್ತು, ಅಲ್ವಾ? ಆ ಗುರು ಅದನ್ನು ಕೃತಿಯೊಳಗೆ ಇಟ್ಟರು. ಇವತ್ತು ಜಗತ್ತಿನ ದೊಡ್ಡ ದೊಡ್ಡ ಡಾನ್ಸರುಗಳು ಆ ತಡವಾಗಿ ಬಂದ ಹುಡುಗಿಯ ಹೆಜ್ಜೆಯನ್ನು ಕಲಿಯುತ್ತಾರೆ. ಇನ್ನೂ ಪೂರ್ತಿ ಪಳಗದ ಮೈಗಳಿಗಾಗಿ ಮಾಡಿದ್ದು ಪಳಗಿದವರಿಗೂ ಸವಾಲಾಗಿ ಉಳಿದಿದೆ. ಗುರುಗಳಾಗಿ ಬಂದಿರುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ, ಆಮೇಲೆ ಇದಕ್ಕೇ ಬರುತ್ತೇನೆ.

ಇನ್ನು ಈಚಿನದಕ್ಕೆ ಬರೋಣ. 2017ರ ಮಾರ್ಚಿನಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಒಂದು ಟ್ರಿಪಲ್ ಬಿಲ್ ಮಾಡಿತು. ಡೇವಿಡ್ ಡಾಸನ್ ಅವರ 'ದಿ ಹ್ಯೂಮನ್ ಸೀಸನ್ಸ್', ಕ್ರಿಸ್ಟೋಫರ್ ವೀಲ್ಡನ್ ಅವರ 'ಆಫ್ಟರ್ ದಿ ರೈನ್', ಕೊನೆಗೆ ಕ್ರಿಸ್ಟಲ್ ಪೈಟ್ ಅವರ 'ಫ್ಲೈಟ್ ಪ್ಯಾಟರ್ನ್'. ಕೊನೆಯದು ಅವತ್ತು ಹೊಚ್ಚ ಹೊಸದು. ಆ ಕಂಪನಿಯ ಮುಖ್ಯ ವೇದಿಕೆಗೆ ಒಬ್ಬ ಹೆಂಗಸು ಹೊಸ ಕೃತಿ ಮಾಡಿ 18 ವರ್ಷ ಆಗಿತ್ತು. ಈ ಸಂಗತಿ ಹೇಳುವಾಗ ನನಗೆ ಬೇಸರವೇ ಆಗುತ್ತದೆ.

'ಆಫ್ಟರ್ ದಿ ರೈನ್' ಮೊದಲು ಬಂದದ್ದು 2005ರಲ್ಲಿ, ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ. ಅದರ ಎರಡನೇ ಭಾಗ ಒಂದು ಜೋಡಿ ನೃತ್ಯ, ಆರ್ವೋ ಪ್ಯಾರ್ಟ್ ಅವರ ಪಿಯಾನೊ ಮತ್ತು ಪಿಟೀಲಿನ ಸಂಗೀತಕ್ಕೆ. ಅದನ್ನು ಮಾಡಿದ್ದು ವೆಂಡಿ ವೀಲನ್ ಮತ್ತು ಜಾಕ್ ಸೋಟೊ ಇಬ್ಬರಿಗಾಗಿ. ಸೋಟೊ ಅದೇ ವರ್ಷ ನಿವೃತ್ತರಾದರು, ವೀಲನ್ ಅವರಿಗೆ ಆಗ 37. ಹೆಂಗಸಿನ ಕೂದಲು ಬಿಚ್ಚಿದೆ, ಕಾಲ್ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂ ಇಲ್ಲ. ಹಾರುವುದು, ಗಿರಗಿರ ತಿರುಗುವುದು ಏನೂ ಇಲ್ಲ. ಒಂದು ಗಳಿಗೆಯಲ್ಲಿ ಅವಳು ಅವನ ತೊಡೆಯ ಮೇಲೆ ನಿಂತು ಮುಂದಕ್ಕೆ ವಾಲುತ್ತಾಳೆ, ಕೈ ಎರಡೂ ಬಿಚ್ಚಿ, ಹಡಗಿನ ಮೂತಿಯಲ್ಲಿ ಕೆತ್ತಿದ ಗೊಂಬೆ ನಿಂತಿರುತ್ತದಲ್ಲ, ಹಾಗೆ. ಅವನು ಅಲುಗದೆ ನಿಲ್ಲಬೇಕು, ಅಷ್ಟೇ ಅವನ ಕೆಲಸ. ಇಪ್ಪತ್ತರ ಹರೆಯದಲ್ಲಿ ಇಷ್ಟು ಕಡಿಮೆ ಮಾಡಿ ಸುಮ್ಮನಿರುವುದು ಕಷ್ಟ. ಮೈ ಏನಾದರೂ ಮಾಡಿ ತೋರಿಸಬೇಕು ಅನ್ನುತ್ತದೆ. ಎಷ್ಟು ಬೇಕೋ ಅಷ್ಟೇ ಮಾಡುವುದು ವಯಸ್ಸಿನ ಜೊತೆಗೆ ಬರುವ ವಿದ್ಯೆ. 2014ರಲ್ಲಿ ವೀಲನ್ ಆ ಕಂಪನಿಗೆ ವಿದಾಯ ಹೇಳಿದ ಸಂಜೆಯೂ ಹಲವು ತುಣುಕುಗಳ ಸಂಜೆಯೇ ಆಗಿತ್ತು, ಅದರಲ್ಲಿ ಇದನ್ನೂ ಅವರು ಆಡಿದರು.

2017ರ ಆ ಲಂಡನ್ ಸಂಜೆಯ ಇನ್ನೊಂದು ತುದಿಯಲ್ಲಿ 'ಫ್ಲೈಟ್ ಪ್ಯಾಟರ್ನ್'. ವೇದಿಕೆ ಮೇಲೆ 36 ಜನ. ಬೂದು ಬಣ್ಣದ ಕೋಟು, ಮಂಕು ಬೆಳಕು. ಪೋಲೆಂಡಿನ ಸಂಗೀತಗಾರ ಗೊರೆಟ್ಸ್ಕಿಯ ಮೂರನೇ ಸಿಂಫನಿಯ ಮೊದಲ ಭಾಗ, ಡಬಲ್ ಬಾಸ್‌ಗಳ ತೀರಾ ಕೆಳಗಿನ ಸ್ವರದಿಂದ ಶುರುವಾಗಿ ಒಂದೊಂದೇ ಪದರ ಮೇಲೇರುತ್ತದೆ. ಊರು ಬಿಟ್ಟು ಹೊರಟ ನಿರಾಶ್ರಿತರ ಕೃತಿ ಅದು. ಇಡೀ ಗುಂಪು ಒಟ್ಟಿಗೆ ಹೆಜ್ಜೆ ಹಾಕುತ್ತದೆ, ಒಟ್ಟಿಗೆ ಬಾಗುತ್ತದೆ, ಒಬ್ಬೊಬ್ಬರ ತಲೆ ಮಾತ್ರ ಬೇರೆ ಬೇರೆ ಕ್ಷಣಕ್ಕೆ ಮೇಲೆ ನೋಡುತ್ತದೆ. ಹಂಸಗಳ ಸಾಲಿನಲ್ಲಿ ಹಿಂದೆ ನಿಲ್ಲುವವರೇ ಇಲ್ಲಿ ಕೃತಿಯ ಜೀವ. ಅಲ್ಲಿ ನಾಯಕಿ ಕುಣಿಯುವಾಗ ಅವರು ಕಾಲು ಜೋಮು ಹಿಡಿದರೂ ಅಲುಗದೆ ನಿಲ್ಲಬೇಕು. ಇಲ್ಲಿ ಅವರಿಲ್ಲದೆ ಕೃತಿಯೇ ಇಲ್ಲ. ಕೊನೆಗೆ ಗುಂಪು ಕರಗಿ ಇಬ್ಬರು ಉಳಿಯುತ್ತಾರೆ. ಅದನ್ನು ಆಡಿದವರು ಕ್ರಿಸ್ಟನ್ ಮೆಕ್‌ನಾಲಿ ಮತ್ತು ಮಾರ್ಸೆಲಿನೊ ಸಾಂಬೆ. ಸಾಂಬೆ ಆಗಿನ್ನೂ ತೀರಾ ಮೇಲಿನ ದರ್ಜೆಗೆ ಏರಿರಲಿಲ್ಲ, ಪ್ರಿನ್ಸಿಪಲ್ ಅನ್ನುವ ಆ ದರ್ಜೆ ಸಿಕ್ಕಿದ್ದು 2019ರಲ್ಲಿ. ಕೊರಿಯೋಗ್ರಾಫರ್ ಸ್ಟುಡಿಯೋಗೆ ಬಂದು ಕೂತು ನೋಡುವಾಗ ಯಾರ ಹೆಸರಿನ ಮುಂದೆ ಯಾವ ಪದವಿ ಇದೆ ಅನ್ನುವುದಕ್ಕಿಂತ ಯಾರ ಮೈ ತನಗೆ ಬೇಕಾದ್ದನ್ನು ಮಾತಾಡುತ್ತದೆ ಅನ್ನುವುದನ್ನೇ ನೋಡುತ್ತಾರೆ. ಮಿಕ್ಸ್ಡ್ ಬಿಲ್ ಇಲ್ಲದಿದ್ದರೆ ಸಾಲಿನಲ್ಲಿ ನಿಂತವರನ್ನು ಹೀಗೆ ನೋಡಲು ಯಾರಿಗೂ ಕಾರಣ ಸಿಗುವುದಿಲ್ಲ.

ಎಳೆ ವಯಸ್ಸಿನಲ್ಲೂ ವಿದಾಯದಲ್ಲೂ ಇಂಥ ಸಂಜೆ ಹೇಗೆ ಜೊತೆಗಿರುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಬ್ಯಾಲೆ ಕಲಾವಿದೆ ಸಿಲ್ವಿ ಗಿಯೆಮ್ ಅವರ ಬದುಕೇ ಸಾಕು. 1987ರಲ್ಲಿ ಪ್ಯಾರಿಸ್ ಒಪೇರಾ ಬ್ಯಾಲೆಗೆ ವಿಲಿಯಂ ಫೋರ್ಸೈತ್ 'ಇನ್ ದಿ ಮಿಡಲ್, ಸಮ್‌ವಾಟ್ ಎಲಿವೇಟೆಡ್' ಮಾಡಿದಾಗ ಗಿಯೆಮ್‌ಗೆ 22. ಒಂಬತ್ತು ಜನರ ಕೃತಿ, ಥಾಮ್ ವಿಲೆಮ್ಸ್ ಅವರ ಲೋಹ ಬಡಿದ ಹಾಗಿನ ಸದ್ದು, ಮೇಲೆ ತೂಗುವ ಒಂದು ಜೋಡಿ ಬಂಗಾರದ ಬಣ್ಣದ ಚೆರ್ರಿ ಹಣ್ಣು ಬಿಟ್ಟರೆ ವೇದಿಕೆ ಖಾಲಿ. ಕುಣಿಯದೆ ಇರುವವರು ಬದಿಗೆ ಹೋಗಿ ಮರೆಯಾಗುವುದಿಲ್ಲ, ಅಲ್ಲೇ ಓಡಾಡುತ್ತಾರೆ, ಕುಣಿಯುವವರನ್ನು ಅಳೆಯುವ ಹಾಗೆ ನೋಡುತ್ತಾರೆ. ಪಾಯಿಂಟ್ ಶೂ ಇದೆ, ಹಳೇ ಬ್ಯಾಲೆಯ ಹೆಜ್ಜೆಗಳೇ ಇವೆ, ಆದರೆ ಸೊಂಟ ಸಮತೋಲ ತಪ್ಪುವ ಅಂಚಿಗೆ ಹೋಗುತ್ತದೆ, ಬಿದ್ದೇ ಬಿಟ್ಟರು ಅನ್ನುವಾಗ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇಂದಿನ ಬ್ಯಾಲೆ ಅಂತ ನಾವು ಗುರುತಿಸುವ ರೂಪದ ದೊಡ್ಡ ಭಾಗ ಆ 25 ನಿಮಿಷದಲ್ಲಿದೆ. 2015ರಲ್ಲಿ ಗಿಯೆಮ್ 50ರ ವಯಸ್ಸಿನಲ್ಲಿ ನಿವೃತ್ತರಾದರು. ಆ ವರ್ಷ ಅವರು ಊರೂರು ಸುತ್ತಿದ ಕಾರ್ಯಕ್ರಮವೂ ಮಿಕ್ಸ್ಡ್ ಬಿಲ್. ಅಕ್ರಂ ಖಾನ್, ರಸಲ್ ಮ್ಯಾಲಿಫಂಟ್, ಮ್ಯಾಟ್ಸ್ ಎಕ್ ಅವರ ಕೃತಿಗಳಲ್ಲಿ ತಾವು ಕುಣಿದರು. ಫೋರ್ಸೈತ್ ಅವರ ತುಣುಕನ್ನು ಮಾತ್ರ ಬೇರೆ ಇಬ್ಬರಿಗೆ ಬಿಟ್ಟುಕೊಟ್ಟರು. ತನ್ನ ವಿದಾಯದ ಸಂಜೆಯಲ್ಲೂ ಇನ್ನೊಬ್ಬರಿಗೆ ಜಾಗ. ಇದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಅಕ್ರಂ ಖಾನ್ ಹೆಸರು ಬಂತಲ್ಲ, ಅವರು ಕಥಕ್ ಕಲಿತು ಬೆಳೆದವರು. ಬ್ಯಾಲೆ ಕಂಪನಿಗೆ ಅಂತ ಅವರು ಮೊದಲ ಕೃತಿ ಮಾಡಿದ್ದು 2014ರಲ್ಲಿ, ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ, ಮೊದಲ ಮಹಾಯುದ್ಧದ ನೂರನೇ ವರ್ಷದ ನೆನಪಿಗೆ ಕಟ್ಟಿದ ಒಂದು ಮಿಕ್ಸ್ಡ್ ಬಿಲ್‌ನಲ್ಲಿ. ಅದರ ಹೆಸರು 'ಡಸ್ಟ್'. ಎರಡು ವರ್ಷದ ಮೇಲೆ ಅದೇ ಕಂಪನಿ ಅವರಿಗೆ ಇಡೀ ಸಂಜೆಯ 'ಜಿಸೆಲ್' ವಹಿಸಿತು. ಮೊದಲು ಚಿಕ್ಕದು, ಅದು ನಿಂತ ಮೇಲೆ ದೊಡ್ಡದು. ಕೊರಿಯೋಗ್ರಾಫರುಗಳೂ ಈ ದಾರಿಯಲ್ಲೇ ಬೆಳೆಯುತ್ತಾರೆ.

ಇನ್ನೊಂದು ಉದಾಹರಣೆ ಚಿಕ್ಕದಾಗಿ ಹೇಳಿ ನಮ್ಮೂರಿಗೆ ಬರುತ್ತೇನೆ. ಹೇಗ್ ನಗರದ ನೆದರ್‌ಲ್ಯಾಂಡ್ಸ್ ಡಾನ್ಸ್ ಥಿಯೇಟರ್ 1959ರಲ್ಲಿ ಶುರುವಾಯಿತು. 1978ರಲ್ಲಿ ಎಳೆಯ ಡಾನ್ಸರುಗಳಿಗೇ ಅಂತ ಎರಡನೇ ತಂಡ ಕಟ್ಟಿದರು. 1991ರಲ್ಲಿ ಅದರ ನಿರ್ದೇಶಕ ಯಿರಿ ಕಿಲಿಯಾನ್ ಮೂರನೇ ತಂಡ ಕಟ್ಟಿದರು, ನಲವತ್ತು ದಾಟಿದವರಿಗೆ. ಬ್ಯಾಲೆಯಲ್ಲಿ ನಲವತ್ತು ಅಂದರೆ ಮನೆಗೆ ಹೋಗುವ ವಯಸ್ಸು ಅಂತ ಎಲ್ಲರೂ ಅಂದುಕೊಂಡಿದ್ದಾಗ ಅವರಿಗೆ ಅಂತ ಹೊಸ ಕೃತಿಗಳು ಬಂದವು. ಆ ಮೂರನೇ ತಂಡ 2006ರಲ್ಲಿ ನಿಂತುಹೋಯಿತು. ಎರಡನೆಯದು ಇವತ್ತಿಗೂ ಇದೆ.

ನಮ್ಮ ಕರಾವಳಿಗೆ ಇದು ಯಾಕೆ ಬೇಕು ಅಂತ ಕೇಳಬಹುದು. ನಮಗೆ ಇದು ಹೊಸದಲ್ಲ ಅನ್ನುವುದೇ ನನ್ನ ಮಾತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು, ಒಂದೇ ರಾತ್ರಿ ಎರಡು ಮೂರು ಪ್ರಸಂಗ ಆಡುವುದು ಇಲ್ಲಿ ಮಾಮೂಲು. ಅದಕ್ಕಿಂತ ಮುಖ್ಯ, ಪ್ರಸಂಗಕ್ಕೆ ಮೊದಲು ಪೂರ್ವರಂಗ ಇತ್ತು. ಮೇಳ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಬರುತ್ತಿದ್ದ, ಆಮೇಲೆ ಬಾಲಗೋಪಾಲ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತು, ತಪ್ಪಿದರೂ ದೊಡ್ಡ ನಷ್ಟ ಇಲ್ಲ. ಆದರೆ ಚೆಂಡೆ ಮದ್ದಳೆ ನಿಜವಾದದ್ದು, ಭಾಗವತರು ನಿಜವಾದವರು, ಚೌಕಿಯಲ್ಲಿ ಬಣ್ಣ ಹಚ್ಚುತ್ತಾ ಕೂತಿರುವ ಹಿರಿಯ ಕಲಾವಿದರ ಕಿವಿ ಆ ಹೆಜ್ಜೆಯ ಮೇಲೇ ಇರುತ್ತಿತ್ತು. ಬೆಳಗಿನ ಜಾವದವರೆಗೆ ಅವನೂ ಎಚ್ಚರ ಇದ್ದು ದೊಡ್ಡ ವೇಷಗಳನ್ನು ನೋಡುತ್ತಿದ್ದ. ಕಾಲಮಿತಿ, ಅಂದರೆ ಕೆಲವೇ ಗಂಟೆಯಲ್ಲಿ ಮುಗಿಯುವ ಆಟ, ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಕಾಲಮಿತಿ ಬೇಡ ಅಂತ ನಾನು ಹೇಳುವುದಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಕಷ್ಟ ನನಗೂ ಗೊತ್ತು. ಆದರೆ ಆ ಕಡಿತದಲ್ಲಿ ಹೋದದ್ದು ಹುಡುಗರ ನಿಮಿಷಗಳು. ಅದನ್ನು ಇನ್ನೆಲ್ಲಾದರೂ ಮರಳಿ ಕೊಡಬೇಕು.

ಬ್ಯಾಲೆ ಅನ್ನುವ ಮಾತೂ ಇಲ್ಲಿಗೆ ಹೊಸದಲ್ಲ. ಕೋಟ ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಅಂತ ಪ್ರಯೋಗ ಮಾಡಿದರು, ಮಾತು ತೆಗೆದು ಹಾಡು ಕುಣಿತವನ್ನು ಮುಂದಕ್ಕೆ ತಂದರು, ಪಿಟೀಲು ಸ್ಯಾಕ್ಸೊಫೋನ್ ಸೇರಿಸಿದರು, ಆಟದ ಉದ್ದ ಇಳಿಸಿದರು. ಜಗಳವೂ ಆಯಿತು, ಇವತ್ತಿಗೂ ಆ ಬಗ್ಗೆ ವಾದ ಮಾಡುವವರು ಇದ್ದಾರೆ. ಉಡುಪಿಯ ಯಕ್ಷಗಾನ ಕೇಂದ್ರದಿಂದ ಎಳೆಯರು ಕಲಿತು ಹೊರಬರುತ್ತಲೇ ಇದ್ದಾರೆ. ಅಂದರೆ ಹೊಸದನ್ನು ಕಟ್ಟುವ ಧೈರ್ಯವೂ ಕಲಿಸುವ ಜಾಗವೂ ಇಲ್ಲಿ ಇದ್ದೇ ಇದೆ.

ಭರತನಾಟ್ಯದ ಕಡೆ ನೋಡಿ. ಮಂಗಳೂರಿನಲ್ಲಿ ಮಕ್ಕಳು ಹತ್ತು ಹನ್ನೆರಡು ವರ್ಷ ಕಲಿಯುತ್ತಾರೆ. ಪರೀಕ್ಷೆ ಪಾಸಾಗುತ್ತಾರೆ. ರಂಗಪ್ರವೇಶ ಆಗುತ್ತದೆ. ಹಾಲ್, ಹಿಮ್ಮೇಳ, ಒಡವೆ, ಸೀರೆ, ಊಟ, ಆಮಂತ್ರಣ. ಆ ಹುಡುಗಿ ಎರಡು ಗಂಟೆಗೂ ಜಾಸ್ತಿ ಒಬ್ಬಳೇ ಕುಣಿಯುತ್ತಾಳೆ, ಸಣ್ಣ ಸಾಧನೆ ಅಲ್ಲ ಅದು. ಮರುದಿನದಿಂದ ಅವಳಿಗೆ ವೇದಿಕೆಯೇ ಇಲ್ಲ. ಎಂಜಿನಿಯರಿಂಗ್, ಬೆಂಗಳೂರು, ಕೆಲಸ. ಪ್ರವೇಶ ಆಯಿತು, ರಂಗ ಮುಗಿಯಿತು. ತಪ್ಪು ಆ ಮಗುವಿನದಲ್ಲ, ಅಪ್ಪ ಅಮ್ಮನದೂ ಅಲ್ಲ. ಇಡೀ ಸಂಜೆಯನ್ನು ಒಬ್ಬಳೇ ಹೊರುವುದು ಅಥವಾ ವಾರ್ಷಿಕೋತ್ಸವದಲ್ಲಿ ಮೂವತ್ತು ಜನರ ಜೊತೆ ಐದು ನಿಮಿಷ, ಇವೆರಡರ ನಡುವೆ ನಾವು ಏನನ್ನೂ ಕಟ್ಟಿಲ್ಲ. ನಡುವೆ ಬೇಕಾಗಿರುವುದು ಇಪ್ಪತ್ತು ನಿಮಿಷದ ಕೃತಿ, ಅವಳಿಗಾಗಿಯೇ ಮಾಡಿದ್ದು, ಅವಳಿಗಿಂತ ಗಟ್ಟಿ ಕಲಾವಿದರು ಇರುವ ಸಂಜೆಯಲ್ಲಿ.

ಹಾಗಾಗಿ ನಾನು ಕೇಳುವುದು ಇಂಥ ಒಂದು ಸಂಜೆ. ಟೌನ್‌ಹಾಲ್ ಆದರೂ ಸರಿ, ಕಾಲೇಜಿನ ಸಭಾಂಗಣ ಆದರೂ ಸರಿ. ಮೂರು ಕೃತಿ, ಎರಡು ವಿರಾಮ. ಮೊದಲನೆಯದು ಹೊಸಬರದು, ಆದರೆ ಗುರುಗಳು ಹಳೇ ಐಟಂ ತೆಗೆದು ಕೊಡಬಾರದು. ಮುಂದೆ ನಿಂತಿರುವ ಆರೋ ಏಳೋ ಮಕ್ಕಳನ್ನು ನೋಡಿ, ಅವರ ಮೈಗೆ ತಕ್ಕ ಹಾಗೆ ಹೊಸದಾಗಿ ಮಾಡಬೇಕು. ಏಳು ಜನ ಇದ್ದರೆ ಏಳಕ್ಕೇ ಮಾಡಿ, ಎಂಟನೆಯವಳನ್ನು ಹುಡುಕಬೇಡಿ. ಎರಡನೆಯದು ಹಿರಿಯ ಕಲಾವಿದರೊಬ್ಬರದು, ಹದಿನೈದೇ ನಿಮಿಷ ಸಾಕು. ಮೂರನೆಯದರಲ್ಲಿ ಇಬ್ಬರೂ ಇರಲಿ. ಯಕ್ಷಗಾನದವರನ್ನೂ ಕರೆಯಿರಿ, ವೇಷ ಕಟ್ಟಲು ಹೊತ್ತು ಬೇಕಾಗುತ್ತದೆ ಅನ್ನುವುದನ್ನು ನೆನಪಿಟ್ಟು ಕ್ರಮ ಹಾಕಿ. ಮತ್ತೆ ದಯವಿಟ್ಟು ಕೃತಿಗಳ ನಡುವೆ ಸನ್ಮಾನ, ಶಾಲು, ಹಣ್ಣುಬುಟ್ಟಿ ಬೇಡ. ಅದನ್ನೆಲ್ಲ ಮೊದಲೇ ಮುಗಿಸಿ ಅಥವಾ ಕೊನೆಗೆ ಇಡಿ. ನೋಡುಗರ ಕಣ್ಣು ಒಂದು ಕೃತಿಯಿಂದ ಇನ್ನೊಂದಕ್ಕೆ ಹೋಗಲು ಬರೀ ವಿರಾಮ ಬೇಕು, ಭಾಷಣ ಅಲ್ಲ.

ಕ್ರಮದ ಬಗ್ಗೆ ಒಂದು ಮಾತು. ಬ್ಯಾಲೆ ಕಂಪನಿಯವರು ಸಾಮಾನ್ಯವಾಗಿ ಮೊದಲು ಕಣ್ಣಿಗೆ ಹಿತವಾದದ್ದು, ನಡುವೆ ಕಷ್ಟದ್ದು, ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುವಂಥದ್ದು ಇಡುತ್ತಾರೆ. ಕಷ್ಟದ್ದನ್ನು ಕೊನೆಗೆ ಇಟ್ಟರೆ ಎರಡನೇ ವಿರಾಮದಲ್ಲೇ ಅರ್ಧ ಜನ ಬಸ್ ಹಿಡಿಯಲು ಹೋಗಿಬಿಡುತ್ತಾರೆ. ಇಲ್ಲೂ ಅಷ್ಟೇ.

ಇನ್ನು ಪ್ರಶ್ನೆಗಳು.

ಕಥೆ ಇಲ್ಲದಿದ್ದರೆ ಅರ್ಥ ಆಗುವುದು ಹೇಗೆ ಅಂತ ಒಬ್ಬರು ಕೇಳಿದರು. ಭರತನಾಟ್ಯದ ತಿಲ್ಲಾನಕ್ಕೆ ಯಾವ ಕಥೆ ಇದೆ? ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವಾಗಿನ ಒಡ್ಡೋಲಗದ ಕುಣಿತವನ್ನು ನಾವು ಅರ್ಥ ಕೇಳಿ ನೋಡುತ್ತೇವಾ? ಯಾರು ಯಾರ ಕಡೆ ನೋಡುತ್ತಿದ್ದಾರೆ, ಯಾರ ಭಾರ ಯಾರ ಮೇಲಿದೆ, ಗುಂಪು ಯಾವಾಗ ಒಡೆಯುತ್ತದೆ, ಅಷ್ಟನ್ನು ಗಮನಿಸಿದರೆ ಸಾಕು. ಉಳಿದದ್ದು ತಾನಾಗಿ ಬರುತ್ತದೆ. ಬರದಿದ್ದರೂ ಇನ್ನೆರಡು ಕೃತಿ ಇದೆಯಲ್ಲ.

ನಮ್ಮಲ್ಲಿ ಬ್ಯಾಲೆ ಕಂಪನಿಯನ್ನೇ ಕರೆಸಬಹುದಾ ಅಂತ ಇನ್ನೊಬ್ಬರು ಕೇಳಿದರು. ಕರೆಸಬಹುದು, ಮೊದಲು ನೆಲ ಸರಿಮಾಡಬೇಕು. ಬ್ಯಾಲೆಗೆ ಒಳಗೆ ಸ್ವಲ್ಪ ಬಾಗುವ ಮರದ ನೆಲ ಬೇಕು, ಮೇಲೆ ಜಾರದ ವಿನೈಲ್ ಹಾಸು. ಕಾಂಕ್ರೀಟಿನ ಮೇಲೆ ಹಾರಿ ಇಳಿದರೆ ಮೊಣಕಾಲು, ಮುಂಗಾಲಿನ ಮೂಳೆ ಪೆಟ್ಟು ತಿನ್ನುತ್ತದೆ. ಪಾಯಿಂಟ್ ಶೂ ತುದಿ ಗಟ್ಟಿ ಇರುತ್ತದೆ ನಿಜ, ಆದರೆ ಅದು ಬಟ್ಟೆ, ಕಾಗದ, ಅಂಟಿನ ಪದರ. ಬೆವರಿಗೆ ಮೆತ್ತಗಾಗುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ದೊಡ್ಡ ಪಾತ್ರ ಮಾಡುವವರಿಗೆ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಮುಗಿಯುವುದೂ ಉಂಟು. ಅಂದ ಹಾಗೆ ಬಾಗುವ ನೆಲ ಬ್ಯಾಲೆಗೆ ಮಾತ್ರ ಅಲ್ಲ, ತಟ್ಟಿ ಮೆಟ್ಟಿ ಕುಣಿಯುವ ನಮ್ಮ ಮಕ್ಕಳ ಕಾಲಿಗೂ ಬೇಕು. ಹೊಸ ಸಭಾಂಗಣ ಕಟ್ಟುವವರು ಯಾರಾದರೂ ಇದ್ದರೆ ಗ್ರಾನೈಟ್ ಹಾಕುವ ಮೊದಲು ಒಬ್ಬ ಡಾನ್ಸರನ್ನು ಕೇಳಿ.

ಕೊನೆಗೆ ಒಬ್ಬ ಹುಡುಗಿ ಮೊದಲು ಏನು ನೋಡಬೇಕು ಅಂತ ಕೇಳಿದಳು. 'ಸೆರೆನೇಡ್' ಅಂದೆ. ಎರಡು ಸಲ ನೋಡು, ಮೊದಲ ಸಲ ಇಡೀ ವೇದಿಕೆಯನ್ನು, ಎರಡನೇ ಸಲ ಹಿಂದಿನ ಸಾಲಿನ ಒಬ್ಬಳನ್ನು ಮಾತ್ರ, ಅವಳು ಎಲ್ಲಿ ಹೋದರೂ ಬಿಡದೆ. ಅದಾದ ಮೇಲೆ 'ಆಫ್ಟರ್ ದಿ ರೈನ್' ಜೋಡಿ ನೃತ್ಯ. ನಡುವೆ ಫೋನ್ ಪಕ್ಕಕ್ಕಿಟ್ಟು ಇಪ್ಪತ್ತು ನಿಮಿಷ ವಿರಾಮ ತಗೋ ಅಂತಲೂ ಹೇಳಿದೆ.